ತ್ಲಾಕೊಲುಲಾ ಸಂತೆಯಲ್ಲಿ ಅವ್ವ ತೊಳೆದಿಟ್ಟ ಬಟ್ಟಲು

ಹೈದರಾಬಾದ್: ಎರಡು ಚೀಲ

‘ಹಿಟ್ಟು ಮನಿಗೆ ಹೋತು, ಹಿಂಡಿ ಮೆಕ್ಸಿಕೋಕ್ಕ ಬಂತು.’ ನಮ್ಮ ಪ್ರವಾಸ ಹೇಗಾಯಿತು ಎಂದು ಕೇಳಿದವರಿಗೆಲ್ಲ ನಮ್ಮವ್ವ ಮೊದಲು ಹೇಳುವುದು ಇದನ್ನೇ. ಹೇಳುವಾಗ ಕೇಳಿದವರ ಮುಖ ನೋಡುವುದಿಲ್ಲ, ನನ್ನ ಮುಖ ನೋಡುತ್ತಾಳೆ.

ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ತನ್ನ ಹಳೆಯ ಇಳಕಲ್ ಸೀರೆಯೊಂದನ್ನು ಹರಿದು ಅವ್ವ ಎರಡು ಚೀಲ ಹೊಲಿದಿದ್ದಳು. ಒಂದರಲ್ಲಿ ಜೋಳದ ಹಿಟ್ಟು, ಇನ್ನೊಂದರಲ್ಲಿ ಶೇಂಗಾ ಹಿಂಡಿ, ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ. ವಿಮಾನ ನಿಲ್ದಾಣದಲ್ಲಿ ಸಾಮಾನಿನ ತೂಕ ಜಾಸ್ತಿಯಾಯಿತು. ಹಿಂದೆ ಸಾಲಿನಲ್ಲಿದ್ದವರು ಸುಮ್ಮಸುಮ್ಮನೆ ಕೆಮ್ಮತೊಡಗಿದರು. ಗಡಿಬಿಡಿಯಲ್ಲಿ ನಾನು ಒಂದು ಚೀಲ ಎಳೆದು, ಕಳಿಸಲು ಬಂದಿದ್ದ ನಮ್ಮನೆಯವರ ಕೈಗೆ ಕೊಟ್ಟು, ‘ಹಿಂಡಿ ಮನಿಗೆ ಒಯ್ರಿ’ ಎಂದೆ. ಬಿಚ್ಚಿ ನೋಡಬೇಕು ಎಂದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ನಾನು ಲಿಂಗಸುಗೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅವ್ವ ಹುಲಿಗೆಮ್ಮ ಮಸ್ಕಿಯವಳು, ಈಗ ನನ್ನ ಜೊತೆಗೇ ಇದ್ದಾಳೆ. ನಮ್ಮಿಬ್ಬರನ್ನು ಅಷ್ಟು ದೂರ ಎಳೆದುಕೊಂಡು ಹೋದದ್ದು ರೊಟ್ಟಿ. ಹಳೆಯ ಕಾಳುಗಳ ಅಡುಗೆ ಬಲ್ಲ ಹೆಂಗಸರನ್ನು ಹುಡುಕುತ್ತಿದ್ದ ಸಂಸ್ಥೆಯೊಂದರ ಮೇಡಂ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದಿದ್ದರು. ಅವ್ವ ಬಡಿದ ಎರಡು ರೊಟ್ಟಿ ತಿಂದರು, ಮೂರನೆಯದನ್ನು ಕೇಳಿ ಹಾಕಿಸಿಕೊಂಡರು. ಕೆಲವು ತಿಂಗಳ ಮೇಲೆ ಪತ್ರ ಬಂತು. ಮೆಕ್ಸಿಕೋದ ವಾಹಾಕಾ ಎಂಬಲ್ಲಿ ಬೇರೆ ಬೇರೆ ದೇಶದ ಹೆಂಗಸರು ಸೇರುತ್ತಾರೆ, ಅಲ್ಲಿಯ ಭಾನುವಾರದ ಸಂತೆಯಲ್ಲಿ ಕುಳಿತು ತಮ್ಮ ತಮ್ಮ ರೊಟ್ಟಿ ಮಾಡಿ ಸಂತೆಗೆ ಬಂದವರಿಗೆ ಉಣಿಸುತ್ತಾರೆ, ಹುಲಿಗೆಮ್ಮನವರು ಬರಬೇಕು, ಜೊತೆಗೆ ಮಾತು ತಿಳಿಸಿಹೇಳಲು ಮಗಳೂ ಬರಲಿ ಎಂದು.

ಓದಿ ಹೇಳಿದಾಗ ಅವ್ವ ವಿಮಾನದ ಬಗ್ಗೆ ಕೇಳಲಿಲ್ಲ, ಚಳಿಯ ಬಗ್ಗೆ ಕೇಳಲಿಲ್ಲ.

‘ನನ್ನ ಕೈಯಾನ ರೊಟ್ಟಿ ತಿಂತಾರೇನು ಆ ಮಂದಿ?’ ಎಂದಳು.

ಆ ಪ್ರಶ್ನೆಯ ಹಿಂದೆ ಇಪ್ಪತ್ತು ವರ್ಷಗಳಿದ್ದವು. ಸಿಂಧನೂರಿನ ಖಾನಾವಳಿಯೊಂದರಲ್ಲಿ ಅವ್ವ ಅಷ್ಟು ಕಾಲ ಕೆಲಸ ಮಾಡಿದ್ದಳು. ಅವಳಷ್ಟು ತೆಳ್ಳಗೆ ರೊಟ್ಟಿ ಬಡಿಯುವವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಅವಳನ್ನು ಒಂದು ದಿನವೂ ಒಲೆಯ ಮುಂದೆ ಕೂರಿಸಲಿಲ್ಲ. ಬೇಡ ಎಂದು ಬಾಯಿಬಿಟ್ಟು ಹೇಳಿದವರಿಲ್ಲ, ಬಾ ಎಂದು ಕರೆದವರೂ ಇಲ್ಲ. ಯಾವ ಕೇರಿಯವರು ಒಲೆಯ ಹತ್ತಿರ, ಯಾವ ಕೇರಿಯವರು ಬಚ್ಚಲ ಹತ್ತಿರ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಅವ್ವ ಇಪ್ಪತ್ತು ವರ್ಷ ತಟ್ಟೆ ತೊಳೆದಳು. ನಾವು ಬೌದ್ಧರಾಗಿ, ನನಗೆ ನೌಕರಿ ಸಿಕ್ಕು, ಅವಳು ಆ ಕೆಲಸ ಬಿಟ್ಟು ಎಷ್ಟೋ ಕಾಲವಾಗಿದೆ. ಆ ಪ್ರಶ್ನೆ ಮಾತ್ರ ಬಿಟ್ಟಿರಲಿಲ್ಲ.

‘ತಿಂತಾರಬೇ, ನೀ ನಡಿ’ ಎಂದು ನಾನು ಗದರಿಸಿದೆ. ಒಳಗೊಳಗೆ ನನಗೂ ಅಳುಕಿತ್ತು.

ವಾಹಾಕಾ: ಗೋವಿನಜೋಳದ ಸೀಮೆ

ಎರಡು ದಿನ ವಿಮಾನ ಬದಲಿಸುತ್ತ ಹೋಗಿ, ವಾಹಾಕಾದ ಕೋಣೆಯಲ್ಲಿ ಚೀಲ ಬಿಚ್ಚಿದಾಗ ಮೂಗಿಗೆ ಬಡಿದದ್ದು ಬೆಳ್ಳುಳ್ಳಿಯ ವಾಸನೆ. ಅವ್ವ ಒಂದು ಬೆರಳಲ್ಲಿ ಹಿಂಡಿ ಎತ್ತಿ ನಾಲಿಗೆಗೆ ಹಚ್ಚಿಕೊಂಡಳು.

‘ಉಪ್ಪು ಬರೋಬರಿ ಐತಿ’ ಎಂದಳು. ಅದಕ್ಕಿಂತ ಎರಡು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನಮಗೆ ಜೊತೆಗಾರರಾಗಿದ್ದವರು ರಾಮಿರೊ ಎಂಬ ನಿವೃತ್ತ ಮೇಷ್ಟ್ರು. ಬಿಳಿ ಮೀಸೆ, ಹುಲ್ಲಿನ ಟೊಪ್ಪಿಗೆ, ನಿಧಾನವಾದ ಇಂಗ್ಲಿಷು. ಅವರ ಸ್ಪ್ಯಾನಿಷ್ ಇಂಗ್ಲಿಷಾಗಿ ನನ್ನ ಕಿವಿಗೆ ಬರುತ್ತಿತ್ತು, ನನ್ನ ಬಾಯಿಂದ ನಮ್ಮೂರಿನ ಮಾತಾಗಿ ಅವ್ವನಿಗೆ ಹೋಗುತ್ತಿತ್ತು. ಇಲ್ಲಿ ಜೋಳ ಎಲ್ಲಿ ಸಿಗುತ್ತದೆ ಎಂದು ಅವರನ್ನು ಕೇಳಿದೆ. ಫೋನಿನಲ್ಲಿ ತೆನೆಯ ಚಿತ್ರವನ್ನೂ ತೋರಿಸಿದೆ. ಅವರು ಸಂಕೋಚದಿಂದ ಟೊಪ್ಪಿಗೆ ತೆಗೆದರು. ಆಮೇಲೆ ದನದ ಮೇವು ಮಾರುವ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದರು. ಹೊಟ್ಟಿನ ಮೂಟೆಗಳ ನಡುವೆ ಕೆಂಪು ಜೋಳದ ಚೀಲ ನಿಂತಿತ್ತು. ಈ ಕಡೆಯವರ ಊಟವೆಲ್ಲ ಗೋವಿನಜೋಳದ್ದು, ಅಂದರೆ ಮೆಕ್ಕೆಜೋಳದ್ದು; ನಮ್ಮ ಜೋಳವನ್ನು ದನಕ್ಕೂ ಕೋಳಿಗೂ ಹಾಕುತ್ತಾರಂತೆ, ಮನುಷ್ಯರು ತಿನ್ನುವುದನ್ನು ಅವರು ಕಂಡಿಲ್ಲವಂತೆ.

ಅವ್ವನಿಗೆ ಹೇಗೆ ಹೇಳುವುದು ಎಂದು ನಾನು ತಡವರಿಸುತ್ತಿದ್ದೆ. ಅವಳು ಆಗಲೇ ಮೂಟೆಗಳನ್ನು ನೋಡಿ ಅರ್ಥ ಮಾಡಿಕೊಂಡಿದ್ದಳು. ಒಂದು ಹಿಡಿ ಕಾಳು ಎತ್ತಿ, ಊದಿ, ವಾಪಸು ಸುರಿದಳು.

‘ನಾವು ಗೋವಿನಜೋಳ ದನಕ್ಕ ಹಾಕ್ತೀವಿ, ಇವರು ನಮ್ಮ ಜೋಳ ದನಕ್ಕ ಹಾಕ್ಯಾರ. ಅವರಿಗೂ ಬೈಯಂಗಿಲ್ಲ, ನಮಗೂ ಬೈಯಂಗಿಲ್ಲ. ಆದ್ರ ದನದ ಮುಂದಿಂದು ಕಸಗೊಂಡು ಮನಷ್ಯಾರಿಗೆ ನೀಡಂಗಿಲ್ಲ ನಾ.’

ಹಾಗಾದರೆ ರೊಟ್ಟಿ ಯಾತರಿಂದ ಎಂದು ಕೇಳಿದೆ.

‘ಅವರ ಹಿಟ್ಟಿಲೆ ಬಡಿತೀನಿ. ಕೈ ನಂದೈತಲ್ಲ’ ಎಂದಳು.

ತ್ಲಾಕೊಲುಲಾ: ಭಾನುವಾರ

ವಾಹಾಕಾದಿಂದ ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೆ ತ್ಲಾಕೊಲುಲಾ. ಭಾನುವಾರ ಆ ಊರಿನಲ್ಲಿ ಓಣಿ ಕಾಣುವುದಿಲ್ಲ, ಬರೀ ಡೇರೆಯ ಬಟ್ಟೆ ಕಾಣುತ್ತದೆ. ಅವುಗಳನ್ನು ಎಷ್ಟು ಕೆಳಗೆ ಕಟ್ಟಿರುತ್ತಾರೆಂದರೆ ರಾಮಿರೊ ಮೇಷ್ಟ್ರ ಟೊಪ್ಪಿಗೆ ಮೂರು ಸಲ ಬಿತ್ತು. ಬಣ್ಣದ ಹೆಗಲುವಸ್ತ್ರ ಹೊದ್ದ ಹೆಂಗಸರು ಬದುಕಿರುವ ಟರ್ಕಿ ಕೋಳಿಗಳನ್ನು ಕೂಸಿನ ಹಾಗೆ ಎತ್ತಿಕೊಂಡು ತಿರುಗುತ್ತಿದ್ದರು. ಅದರಲ್ಲೊಂದು ನನ್ನ ಜಡೆಗೆ ಬಾಯಿ ಹಾಕಿತು. ನಾನು ಕೂಗಿಕೊಂಡೆ. ಸುತ್ತಲಿದ್ದವರೆಲ್ಲ ನಕ್ಕರು, ಎಲ್ಲರಿಗಿಂತ ಜೋರಾಗಿ ಅವ್ವ ನಕ್ಕಳು.

ಹಸಿರು ಹೊಳಪಿನ ಮಣ್ಣಿನ ಪಾತ್ರೆ, ತಾಳೆಗರಿಯ ಬುಟ್ಟಿ, ಉಣ್ಣೆಯ ಜಮಖಾನ, ಕಲ್ಲಿನ ಒರಳು. ಅಂಗಡಿಗಳ ಮುಂದೆ ನನಗೆ ಕಣ್ಣು ಸಾಲದು, ಅವ್ವನಿಗೆ ಕೈ ಸಾಲದು. ಅರೆಯುವ ಕಲ್ಲನ್ನು ಕಂಡ ಕೂಡಲೇ ಕುಕ್ಕರಗಾಲಲ್ಲಿ ಕುಳಿತು ಅದರ ಮೇಲೆ ಅಂಗೈ ಆಡಿಸಿ, ‘ಚೊಲೋ ಕಲ್ಲು, ಉದುರಂಗಿಲ್ಲ’ ಎಂದಳು. ಮಾರುವವನು ಏನು ತಿಳಿದನೋ, ತಲೆಯಾಡಿಸಿದ. ಹುರಿದ ಮಿಡತೆಗಳನ್ನು ಬುಟ್ಟಿಯಲ್ಲಿ ಗುಡ್ಡೆ ಹಾಕಿ ಮಾರುತ್ತಿದ್ದ ಮುದುಕಿಯ ಮುಂದೆ ನಾನು ಮುಖ ತಿರುಗಿಸಿ ನಿಂತೆ. ಮಕ್ಕಳಿಗೆ ಕೀಟಗಳ ಪಾಠ ಮಾಡುವವಳು ನಾನೇ.

ಅವ್ವ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ‘ಮೊದಲನೇ ಮಳಿಗೆ ರೆಕ್ಕಿ ಬಂದ ಗೆದ್ದಲ ಹುರದು ತಿಂದಾಕಿ ನಾ. ಹುಳಿ ಹಿಂಡ್ಯಾರ, ರುಚಿ ಐತಿ. ನೀ ದೊಡ್ಡ ಟೀಚರ ಅದಿ, ನಿಂತ್ಕೊ ಅಲ್ಲೇ.’

ಒಣಮೆಣಸಿನಕಾಯಿಯ ಸಾಲು ಬಂದಾಗ ನನಗೂ ಪಾಠ ಮಾಡುವ ಹುಕಿ ಬಂತು. ಮೆಣಸಿನಕಾಯಿ, ಶೇಂಗಾ, ಟೊಮೇಟೊ ಎಲ್ಲ ಹುಟ್ಟಿದ್ದು ಈ ಕಡೆಯ ಖಂಡಗಳಲ್ಲಿ, ನಮ್ಮಲ್ಲಿಗೆ ಹಡಗಿನಲ್ಲಿ ಬಂದವು ಎಂದು ವಿವರಿಸಿದೆ. ಅವ್ವ ಒಂದು ಮೆಣಸಿನಕಾಯಿ ಮುರಿದು ಮೂಸಿ ನೋಡಿ, ‘ನೀ ಏನರ ಹೇಳು, ಬ್ಯಾಡಗಿಯಂಥಾದು ಅಲ್ಲ’ ಎಂದು ಮುಂದೆ ಹೋದಳು.

ಔರೇಲಿಯಾ ಅವರ ಒಲೆ

ಬೇರೆ ಬೇರೆ ದೇಶದಿಂದ ಬಂದ ಹೆಂಗಸರಿಗೆ ಸಂತೆಯಲ್ಲಿ ಒಂದೊಂದು ಕಡೆ ಒಲೆ ಗೊತ್ತುಮಾಡಿದ್ದರು. ಅವ್ವನಿಗೆ ಒಲೆ ಬಿಟ್ಟುಕೊಡಬೇಕಾಗಿದ್ದವರು ಔರೇಲಿಯಾ. ಅವ್ವನದೇ ವಯಸ್ಸು, ಅದೇ ಎತ್ತರ. ಎರಡು ಜಡೆಗಳಲ್ಲಿ ನೀಲಿ ರಿಬ್ಬನ್ನು. ಗೋವಿನಜೋಳದ ದೊಡ್ಡ ರೊಟ್ಟಿ ಮಾರುವುದು ಅವರ ಕಸುಬು. ಆ ರೊಟ್ಟಿ ನೋಡಿ ಅವ್ವ ನಿಂತೇಬಿಟ್ಟಳು. ನಮ್ಮ ಖಡಕ್ ರೊಟ್ಟಿಯಷ್ಟೇ ಅಗಲ, ಅದೇ ರೀತಿ ಒಣಗಿಸಿ ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿದ್ದರು. ಒಲೆಯ ಮೇಲೆ ಮಣ್ಣಿನ ಹೆಂಚು. ರೊಟ್ಟಿ ಅಂಟದಿರಲೆಂದು ಹೆಂಚಿಗೆ ಸುಣ್ಣದ ನೀರು ಬಳಿದಿದ್ದರು, ಕಾಳನ್ನು ಬೇಯಿಸುವುದೂ ಸುಣ್ಣ ಹಾಕಿಯೇ. ‘ನಾವು ಎಲಿಗೆ ಹಚ್ಚೋದು ಇವರು ಹೆಂಚಿಗೆ ಹಚ್ಯಾರ’ ಎಂದು ಅವ್ವ ಖುಷಿಯಾದಳು. ಔರೇಲಿಯಾ ಅವಳ ಬಳೆ ಮುಟ್ಟಿ ನೋಡಿದರು, ಅವ್ವ ಅವರ ಜಡೆಯ ರಿಬ್ಬನ್ನು ಮುಟ್ಟಿ ನೋಡಿದಳು. ನಾನೂ ಮೇಷ್ಟ್ರೂ ಇಲ್ಲದಿದ್ದರೂ ನಡೆಯುತ್ತದೆ ಅನಿಸಿತು.

ಆಮೇಲೆ ಔರೇಲಿಯಾ ತಮ್ಮ ಗೂಟದ ಮೇಲಿನಿಂದ ಒಂದು ಬಟ್ಟಲು ತೆಗೆದುಕೊಂಡು ಪಕ್ಕದ ಅಂಗಡಿಗೆ ಹೋದರು. ಅಲ್ಲೊಬ್ಬಳು ದೊಡ್ಡ ಮಣ್ಣಿನ ಗುಡಾಣದಲ್ಲಿ ಮೊಣಕೈವರೆಗೆ ಕೈ ಮುಳುಗಿಸಿ, ಗೋವಿನಜೋಳ ಮತ್ತು ಕೋಕೋ ಅರೆದ ತಂಪು ಪಾನೀಯ ಕಲಕುತ್ತಿದ್ದಳು. ಮೇಲೆ ಬೆಣ್ಣೆಯಂತಹ ನೊರೆ. ಅದನ್ನು ತುಂಬಿಸಿಕೊಂಡು ಬಂದು ಎರಡೂ ಕೈಯಿಂದ ಅವ್ವನಿಗೆ ಕೊಟ್ಟರು. ಬಟ್ಟಲು ಒಂದು ಕಾಯಿಯ ಒಣಗಿದ ಓಡು. ಒಳಗೆ ಕೆಂಪು ಬಣ್ಣ ಬಳಿದು ಹೂವು ಬರೆದಿದ್ದರು. ಹೊರಗಿನಿಂದ ನೋಡಿದರೆ ತೆಂಗಿನ ಚಿಪ್ಪು, ಸ್ವಲ್ಪ ದೊಡ್ಡದು.

ಅವ್ವ ಬಟ್ಟಲನ್ನು ತುಟಿಗೆ ಮುಟ್ಟಿಸದೆ ಎತ್ತಿ ಕುಡಿದಳು. ಅರ್ಧ ಸೀರೆಯ ಮೇಲೆ ಚೆಲ್ಲಿತು. ಕುಡಿದು ಮುಗಿಸಿ, ನನ್ನ ನೀರಿನ ಬಾಟಲಿ ತೆಗೆದುಕೊಂಡು, ಮೂಲೆಗೆ ಹೋಗಿ ಬಟ್ಟಲನ್ನು ಮೂರು ಸಲ ತಿಕ್ಕಿ ತೊಳೆದಳು. ತಂದು ಔರೇಲಿಯಾ ಅವರ ಕೈಗೆ ಕೊಡದೆ, ಒಲೆಯಿಂದ ದೂರ ನೆಲದ ಮೇಲೆ ಬೋರಲು ಹಾಕಿದಳು.

ನಾನು ನೋಡುತ್ತ ನಿಂತಿದ್ದೆ. ಇದು ಅವಳು ದಿನಾ ಮಾಡುವುದೇ, ಹಾಗಾಗಿ ನನಗೆ ತಡವಾಗಿ ಹೊಳೆಯಿತು. ಔರೇಲಿಯಾ ಅವರ ಮುಖ ಗಂಟಾಗಿತ್ತು. ನೆಲದ ಮೇಲಿನ ಬಟ್ಟಲು ಎತ್ತಿಕೊಂಡು, ಒರೆಸಿ, ಗೂಟಕ್ಕೆ ಸಿಕ್ಕಿಸಿದರು. ನಮಗೆ ಬೆನ್ನು ಮಾಡಿ ಮೇಷ್ಟ್ರಿಗೆ ಏನೋ ಬಿರುಸಾಗಿ ಹೇಳಿದರು. ಮೇಷ್ಟ್ರು ತಿಳಿಸಲು ಹಿಂದೆಮುಂದೆ ನೋಡಿದರು. ನಾನು ಒತ್ತಾಯ ಮಾಡಿದ ಮೇಲೆ ಹೇಳಿದರು.

ತನ್ನ ಬಟ್ಟಲು ಹೊಲಸೆಂದು ಈಕೆ ತೊಳೆದಳು, ತನ್ನ ಕೈ ಮುಟ್ಟಬಾರದೆಂದು ನೆಲಕ್ಕೆ ಇಟ್ಟಳು ಎಂದು ಔರೇಲಿಯಾ ತಿಳಿದಿದ್ದರು. ಪಟ್ಟಣದಿಂದ ಬರುವ ಕೆಲವರು ಹೀಗೇ ಮಾಡುತ್ತಾರಂತೆ, ಹಳ್ಳಿಯವರ ಬಟ್ಟಲು ಮೂಗು ಮುರಿದು ಒರೆಸಿಯೇ ಕುಡಿಯುತ್ತಾರಂತೆ. ಚಿಕ್ಕಂದಿನಲ್ಲಿ ಸ್ಪ್ಯಾನಿಷ್ ಬಿಟ್ಟು ತಮ್ಮ ಮನೆಮಾತು ಆಡಿದ್ದಕ್ಕೆ ಶಾಲೆಯಲ್ಲಿ ಬೆಂಚಿನ ತುದಿಗೆ ದೂಡಿದ್ದರಂತೆ. ಇಷ್ಟು ದೂರದಿಂದ ಬಂದವಳೂ ಹಾಗೇ ಎಂದು ಅವರು ಅಂದುಕೊಂಡಿರಲಿಲ್ಲವಂತೆ. ಬೇರೆ ಒಲೆ ನೋಡಿಕೊಳ್ಳಿ ಎಂದಿದ್ದರು.

ಆ ಕ್ಷಣ ನನಗೆ ಅವ್ವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳ ಹುಡುಗಿತನದಲ್ಲಿ ಊರ ಹೊರಗಿನ ಚಾದಂಗಡಿಯ ಸೂರಿಗೆ ನಮ್ಮ ಕೇರಿಯವರಿಗೆಂದೇ ತೆಂಗಿನ ಚಿಪ್ಪು ಸಿಕ್ಕಿಸಿರುತ್ತಿದ್ದರು. ತಾವೇ ತೆಗೆದುಕೊಳ್ಳಬೇಕು, ಮೇಲಿನಿಂದ ಹೊಯ್ದ ಚಾ ಕುಡಿಯಬೇಕು, ತಾವೇ ತೊಳೆದು ಸಿಕ್ಕಿಸಬೇಕು. ಈಗ ಆ ಅಂಗಡಿಯೂ ಇಲ್ಲ, ಚಿಪ್ಪೂ ಇಲ್ಲ. ಸಿಂಧನೂರಿನಲ್ಲಿ ನಾವು ಯಾವಾಗಲೂ ಚಾ ಕುಡಿಯುವ ಖಾಸಿಂಸಾಬರ ಹೋಟೆಲಿನಲ್ಲಿ, ‘ಇಡಬೇ ಯವ್ವಾ, ನಾ ತೊಳಿತೀನಿ’ ಎಂದು ಅವರು ನೂರು ಸಲ ಹೇಳಿದ್ದಾರೆ. ಅವ್ವ ಕೇಳುವುದಿಲ್ಲ, ನಳದ ಹತ್ತಿರ ಹೋಗಿ ಗಲಾಸು ತೊಳೆದೇ ಇಡುತ್ತಾಳೆ. ನಾನು ಆಚೆ ಮುಖ ಮಾಡಿ ನಿಲ್ಲುತ್ತೇನೆ.

ಮೇಷ್ಟ್ರಿಗೆ ಏನು ಹೇಳಲಿ? ಒಂದು ಒಳ್ಳೆಯ ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಇದು ನಮ್ಮ ದೇಶದ ಸಂಪ್ರದಾಯ, ಅತಿಥಿ ಹೀಗೆ ಮಾಡಿ ಗೌರವ ತೋರಿಸುತ್ತಾರೆ ಎಂದರೆ ಅವರು ನಂಬುತ್ತಿದ್ದರು. ಅಷ್ಟರಲ್ಲಿ ಅವ್ವ ನನ್ನ ಸೆರಗು ಎಳೆದಳು.

‘ಏನಂದಳು ಆಕಿ?’

ಹೇಳಿದೆ.

‘ನಾ? ನಾ ಆಕಿನ್ನ ಹೊಲಸ ಅಂದೆನಾ?’

‘ನಮ್ಮ ಪದ್ಧತಿ ಅಂತ ಹೇಳ್ತೀನಿ ಬಿಡಬೇ.’

‘ಸುಳ್ಳು ಹೇಳಬ್ಯಾಡ. ಇದ್ದದ್ದು ಇದ್ದಂಗ ಹೇಳು.’ ಔರೇಲಿಯಾ ಅವರ ಎದುರಿಗೆ ಹೋಗಿ ನಿಂತು, ನನ್ನನ್ನು ನೋಡದೆ ಅವರನ್ನೇ ನೋಡುತ್ತ ಹೇಳಿದಳು. ‘ನಿನ್ನ ಬಾಯಿ ಮುಟ್ಟೈತಂತ ತೊಳಿಲಿಲ್ಲ ಯಕ್ಕಾ. ನನ್ನ ಬಾಯಿ ಮುಟ್ಟೈತೇನೋ ಅಂತ ತೊಳದೆ.’

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಚಿಪ್ಪಿನ ಕಥೆ, ಖಾನಾವಳಿಯ ಬಚ್ಚಲು, ಒಂದನ್ನೂ ಮುಚ್ಚಿಡಲಿಲ್ಲ. ಮೇಷ್ಟ್ರು ಟೊಪ್ಪಿಗೆ ಕೈಯಲ್ಲಿ ಹಿಡಿದು ಒಂದೊಂದೇ ಮಾತನ್ನು ದಾಟಿಸಿದರು.

ಔರೇಲಿಯಾ ಗೂಟದಿಂದ ಬಟ್ಟಲು ತೆಗೆದು ಪಕ್ಕದ ಅಂಗಡಿಗೆ ಹೋಗಿ ಮತ್ತೆ ತುಂಬಿಸಿಕೊಂಡು ಬಂದರು. ಮೊದಲು ತಾವು ಒಂದು ಗುಟುಕು ಕುಡಿದರು. ಅದೇ ಬಟ್ಟಲನ್ನು ಅವ್ವನ ಕೈಗಿಟ್ಟು, ಅವಳ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದು ಕಾದರು. ಅವ್ವ ನನ್ನ ಕಡೆ ನೋಡಿದಳು. ಅವಳು ತುಟಿಯಿಟ್ಟು ಕುಡಿದಳು. ಮೇಲ್ದುಟಿಯ ಮೇಲೆ ಬಿಳಿ ಮೀಸೆ ಮೂಡಿತು. ಔರೇಲಿಯಾ ಬಟ್ಟಲು ವಾಪಸು ತೆಗೆದುಕೊಂಡು, ತಳದಲ್ಲಿ ಉಳಿದದ್ದನ್ನು ತಾವು ಕುಡಿದು, ತೊಳೆಯದೆ ಪಕ್ಕಕ್ಕೆ ಇಟ್ಟರು. ನನಗೆ ಅಳು ಬಂತು. ಅದನ್ನು ಹೊಗೆಯ ಮೇಲೆ ಹಾಕಿದೆ.

ಅದೇ ಒಲೆ, ಮಧ್ಯಾಹ್ನ

ಅಷ್ಟೆಲ್ಲ ಆದ ಮೇಲೆ ಮೊದಲ ರೊಟ್ಟಿ ಮುರಿಯಿತು.

ನಮ್ಮ ರೊಟ್ಟಿಗೆ ಕೆಳಗೆ ಒಣ ಹಿಟ್ಟು ಉದುರಿಸಿ ಬಡಿಯಬೇಕು. ಅಲ್ಲಿದ್ದದ್ದು ಬೆಂದ ಕಾಳು ಅರೆದ ಹಸಿ ಹಿಟ್ಟು, ಉದುರಿಸಲು ಒಣ ಹಿಟ್ಟೇ ಇಲ್ಲ. ಅವ್ವ ಹಲಗೆಯ ಮೇಲೆ ಬಡಿದಳು, ಹಿಟ್ಟು ಹಲಗೆಗೆ ಅಂಟಿತು. ಎಬ್ಬಿಸಿ ಹೇಗೋ ಹೆಂಚಿಗೆ ಹಾಕಿದಳು. ರೂಢಿಯಂತೆ ಮೇಲೆ ನೀರಿನ ಅರಿವೆ ಸವರಿದಳು, ರೊಟ್ಟಿ ಮೂರು ಚೂರಾಯಿತು. ಸುತ್ತ ನಿಂತವರಲ್ಲಿ ಗುಸುಗುಸು. ಟರ್ಕಿ ಕೋಳಿಯ ಹೆಂಗಸು ಕೂಡ ಕೋಳಿಸಮೇತ ಬಂದು ನಿಂತಿದ್ದಳು.

ಅವ್ವ ಚೂರುಗಳನ್ನು ಸರಿಸಿ ಬಿಸಾಡಲು ಹೋದಳು. ಔರೇಲಿಯಾ ಅವಳ ಮಣಿಕಟ್ಟು ಹಿಡಿದು ತಡೆದರು. ಒಂದು ಚೂರು ಎತ್ತಿಕೊಂಡು, ನಮ್ಮ ಹಿಂಡಿಯ ಚೀಲಕ್ಕೆ ಅದ್ದಿ, ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ಖಾರ ಹತ್ತಿ ಕಣ್ಣಲ್ಲಿ ನೀರು ಬಂತು. ಇನ್ನೊಂದು ಚೂರಿಗೆ ಕೈ ಹಾಕಿದರು.

‘ಬೆಂದಿಲ್ಲ ಅದು, ಬ್ಯಾಡ ಅನ್ನು ಆಕಿಗೆ’ ಎಂದು ಅವ್ವ ನನಗೆ ಹೇಳಿದಳು. ಹೇಳಬೇಕೆನಿಸಲಿಲ್ಲ. ಜೀವನದಲ್ಲಿ ಮೊದಲ ಸಲ ಅವ್ವ ಹೇಳಿದ ಮಾತನ್ನು ಬೇಕೆಂದೇ ದಾಟಿಸದೆ ಬಿಟ್ಟೆ.

ಎರಡನೆಯದಕ್ಕೆ ಔರೇಲಿಯಾ ಉಪಾಯ ತೋರಿಸಿದರು. ಅಂಗೈಗೆ ನೀರು ಹಚ್ಚಿಕೊಂಡು, ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಬಡಿಯಬೇಕು. ನೀರಿನ ಅರಿವೆ ಬೇಡ. ಅವ್ವನಿಗೆ ಒಂದು ಸಲ ತೋರಿಸಿದರೆ ಸಾಕು. ಮೂರನೆಯ ರೊಟ್ಟಿ ತಿರುಗತೊಡಗಿತು. ಪಟ್, ಪಟ್, ಪಟ್ ಎಂದು ಆ ಸಂತೆಯಲ್ಲಿ ಮಸ್ಕಿಯ ಸದ್ದು ಕೇಳಿಸಿತು. ಉಬ್ಬಿದ ರೊಟ್ಟಿಯನ್ನು ಅವ್ವ ಎದುರಿಗೆ ಚಾಚಿದ ಕೈಗೆ ಮೇಲಿನಿಂದ ಬಿಡಲು ಹೋದಳು. ಔರೇಲಿಯಾ ಮೊಣಕೈಯಿಂದ ತಿವಿದರು. ಅವ್ವ ಕೈ ಇಳಿಸಿ, ಕೈಗೆ ಕೈ ತಾಗಿಸಿ ಕೊಟ್ಟಳು. ಮುಂದಿನದಕ್ಕೆ ತಿವಿಯಬೇಕಾಗಲಿಲ್ಲ.

ಮಿಡತೆಯ ಮುದುಕಿ ಬಂದಳು, ಒರಳಿನವನು ಬಂದ, ಮೇಷ್ಟ್ರು ಮೂರು ಸಲ ಬಂದರು. ಕೋಳಿಯವಳು ಕೋಳಿಯನ್ನು ನನ್ನ ಕೈಗೆ ಕೊಟ್ಟು ತಿನ್ನಲು ಕುಳಿತಳು. ಹಿಂಡಿಯ ಚೀಲ ಬರಿದಾಯಿತು. ಅವ್ವ ಬೆವರು ಒರೆಸಿಕೊಂಡು ನನ್ನನ್ನು ಕರೆದಳು.

‘ನೋಡಲೇ. ಹಿಟ್ಟು ತಂದಿದ್ರ ಈಕಿ ಪರಿಚಯನ ಆಗತಿದ್ದಿಲ್ಲ.’

ಹಿಟ್ಟಿನ ವಿಷಯದಲ್ಲಿ ನನಗೆ ಸಿಕ್ಕ ಮಾಫಿ ಅದೊಂದೇ. ಊರಿಗೆ ಬಂದ ಮೇಲೆ ಅದನ್ನೂ ವಾಪಸು ತೆಗೆದುಕೊಂಡಳು.

ಸಂಜೆ ಹೊರಡುವಾಗ ಔರೇಲಿಯಾ ಆ ಹೂವಿನ ಬಟ್ಟಲನ್ನು ಅವ್ವನಿಗೆ ಕೊಟ್ಟರು. ಅವ್ವ ಬರಿದಾದ ಇಳಕಲ್ ಚೀಲ ಝಾಡಿಸಿ ಮಡಿಚಿ ಅವರಿಗೆ ಕೊಟ್ಟಳು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ನಾನೂ ಮೇಷ್ಟ್ರೂ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದೆವು.

ಸಿಂಧನೂರು: ಬಸ್ ಸ್ಟ್ಯಾಂಡಿನ ಎದುರು

ಹೈದರಾಬಾದಿನ ಬಸ್ಸು ಬೆಳಿಗ್ಗೆ ಸಿಂಧನೂರಿಗೆ ಬಂತು. ಭತ್ತದ ಲಾರಿಗಳು, ಆಟೋಗಳು, ಗಿರಣಿಯ ದೂಳು. ಲಿಂಗಸುಗೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಎಂದಿನಂತೆ ಖಾಸಿಂಸಾಬರ ಹೋಟೆಲಿಗೆ ಹೋದೆವು.

‘ಎಲ್ಲಿಗೆ ಹೋಗಿದ್ರಬೇ ಯವ್ವಾ? ಭಾಳ ದಿನ ಕಾಣಲಿಲ್ಲ’ ಎಂದು ಕೇಳಿದರು ಖಾಸಿಂಸಾಬರು.

‘ಇಲ್ಲೇ ಸಂತಿಗೆ ಹೋಗಿದ್ವಿ’ ಎಂದಳು ಅವ್ವ.

ಚಾ ಕುಡಿದಳು. ಗಲಾಸು ಹಿಡಿದು ಎದ್ದಳು. ನಾನು ಅಭ್ಯಾಸಬಲದಿಂದ ರಸ್ತೆಯ ಕಡೆ ಮುಖ ಮಾಡಿದೆ. ನಳದ ಸದ್ದು ಕೇಳಿಸಲಿಲ್ಲ. ತಿರುಗಿ ನೋಡಿದರೆ ಅವ್ವ ನಳದ ಹತ್ತಿರ ನಿಂತಿದ್ದಾಳೆ, ಒಂದು ಕೈ ನಳದ ಮೇಲೆ, ಇನ್ನೊಂದರಲ್ಲಿ ಗಲಾಸು. ಎಷ್ಟು ಹೊತ್ತು ನಿಂತಳೋ ತಿಳಿಯದು. ಆಮೇಲೆ ಅವಳು ಹೊರಳಿ ಬಂದು, ಒಲೆಯ ಮುಂದಿದ್ದ ಖಾಸಿಂಸಾಬರಿಗೆ ಗಲಾಸು ಚಾಚಿದಳು.

‘ಹಿಡಿಯಪ. ತೊಳಿಯೋದು ನಿನ್ನ ಕೆಲಸ.’

ಅವರು ನಕ್ಕು ಅವಳ ಕೈಯಿಂದ ಗಲಾಸು ತೆಗೆದುಕೊಂಡರು. ಹೋಟೆಲು ತುಂಬ ಜನರಿದ್ದರು. ಯಾರೂ ತಲೆಯೆತ್ತಿ ನೋಡಲಿಲ್ಲ.